ಹದಿನಾಲ್ಕನೆಯ ಪ್ರಶ್ನೆ

ಮದೀನತ್ ಜಾಯೆದ್
ಶುಕ್ರವಾರ, 10 ಜನವರಿ 2025

ಜುಬೈದರಿಗೆ, ಅಸ್ಸಲಾಮು ಅಲೈಕುಂ.

ಈಗ ಸಂಜೆ ಐದೂಮುಕ್ಕಾಲು. ಇವತ್ತು ರಜೆ. ಬೆಳಗ್ಗೆ ಬಟ್ಟೆ ಒಗೆದೆ, ಜುಮಾ ನಮಾಜಿಗೆ ಹೋಗಿ ಬಂದೆ, ಸ್ವಲ್ಪ ಮಲಗಿದೆ. ಎದ್ದು ನೋಡಿದರೆ ಗಾಳಿಗೆ ಮರಳು ಹಾರಿ ಒಣಹಾಕಿದ್ದ ಬಟ್ಟೆಯೆಲ್ಲ ಹಾಳಾಗಿತ್ತು. ಇನ್ನೊಮ್ಮೆ ಒಗೆದೆ. ದಿನ ಇಷ್ಟೇ.

ಫೋನಿನಲ್ಲಿ "ಊಟ ಆಯ್ತಾ" ಎಂದು ಕೇಳಿ ಮುಗಿದ ಮೇಲೆ ನಮಗಿಬ್ಬರಿಗೂ ಮಾತು ಸಿಗುವುದಿಲ್ಲ. ನನ್ನ ಕ್ಯಾಂಪಿನ ಕೋಣೆಯಲ್ಲಿ ಇನ್ನೂ ಐದು ಜನ ಇದ್ದಾರೆ. ಇಲ್ಲಿ ಹೆಂಗಸರಿಗೆ ಜಾಗವಿಲ್ಲ, ಅದಕ್ಕೇ ನೀವು ದುಬೈಯಲ್ಲಿ. ನಿಮ್ಮ ಬಾಡಿಗೆ ಕೋಣೆಗೂ ಮನೆಯ ಮಾರ್ಟಿನಾ ಅವರ ಹಾಲಿಗೂ ನಡುವೆ ಒಂದು ಜಿಪ್ಸಂ ಗೋಡೆ. ಮದುವೆಯಾಗಿ ಏಳು ತಿಂಗಳಾಯಿತು. ಒಟ್ಟಿಗೆ ಇದ್ದ ದಿನ ಲೆಕ್ಕ ಹಾಕಿದರೆ ಒಂದು ತಿಂಗಳೂ ತುಂಬುವುದಿಲ್ಲ. ಅದಕ್ಕೇ ಈ ನೋಟ್ ಪುಸ್ತಕ. ಎರಡು ವರ್ಷದಿಂದ ನನಗೆ ದಿನಚರಿ ಬರೆಯುವ ಅಭ್ಯಾಸವಿದೆ. ಏಳನೇ ಕ್ಲಾಸಿನ ಕನ್ನಡ, ತಪ್ಪಿದ್ದರೆ ತಿದ್ದಿ ಓದಿ. ತರಕಾರಿ ಗಾಡಿಯ ರಶೀದ ಮಂಗಳವಾರ ಮತ್ತು ಶನಿವಾರ ದುಬೈಯ ಅವೀರ್ ಮಾರ್ಕೆಟಿನಿಂದ ಅಬುಧಾಬಿಯ ಆಚೆಯ ಈ ಮರಳುಗಾಡಿಗೆ ಬರುತ್ತಾನೆ. ಮಾರ್ಕೆಟಿಗೂ ನಿಮ್ಮ ಸಿಲಿಕಾನ್ ಓಯಸಿಸಿಗೂ ದೂರವಿಲ್ಲ. ಪುಸ್ತಕ ಕೊಂಡೊಯ್ದು ತರಲು ಒಪ್ಪಿದ್ದಾನೆ. "ಲವ್ ಲೆಟರಾ ಉಮರಾಕ?" ಎಂದು ಕೇಳಿದ. "ಇನ್ಶೂರೆನ್ಸ್" ಎಂದೆ. ಅವನು ನಂಬಲಿಲ್ಲ.

ಆದರೆ ವಿಷಯ ಅದೇ. ನಮ್ಮ ಕಂಪನಿ ನನಗೆ ಮಾತ್ರ ಆರೋಗ್ಯದ ಇನ್ಶೂರೆನ್ಸ್ ಕಾರ್ಡು ಕೊಡುತ್ತದೆ. ನಿಮ್ಮದನ್ನು ನಾನು ತೆಗೆಯಬೇಕು. ಅದಿಲ್ಲದೆ ನಿಮ್ಮ ವೀಸಾ ಆಗುವುದಿಲ್ಲ. ನೀವು ಇಲ್ಲಿಗೆ ಬಂದ ಪರ್ಮಿಟ್ ಕಾಗದದ ಅವಧಿ ಫೆಬ್ರವರಿ ಹದಿನೇಳಕ್ಕೆ ಮುಗಿಯುತ್ತದೆ. ಮಾರ್ಟಿನಾ ಅವರ ತಮ್ಮ ಶರ್ವಿನ್ ಇನ್ಶೂರೆನ್ಸ್ ಏಜೆಂಟರ ಆಫೀಸಿನಲ್ಲಿ ಇದ್ದಾನಲ್ಲ, ನನ್ನ ಸಂಬಳಕ್ಕೆ ಹೊಂದುವಂಥದ್ದು ಹುಡುಕಿ ಕೊಡುತ್ತೇನೆ ಎಂದು ಫಾರಂ ಕಳಿಸಿದ್ದಾನೆ. ಇಪ್ಪತ್ತೆರಡು ಪ್ರಶ್ನೆಗಳು. ತುಂಬಲು ಕುಳಿತವನು ಎರಡನೆಯದರಲ್ಲೇ ನಿಂತೆ. ನಿಮ್ಮ ಎತ್ತರ. ನನ್ನ ಭುಜದ ತನಕ ಬರುತ್ತೀರಿ ಎಂದು ಗೊತ್ತು, ಸೆಂಟಿಮೀಟರಿನಲ್ಲಿ ಗೊತ್ತಿಲ್ಲ. ಮೂರನೆಯದು ತೂಕ. ನಾಲ್ಕು, ಕನ್ನಡಕ ಇದೆಯೇ. ಐದು, ಸಿಗರೇಟು ಸೇದುತ್ತೀರಾ. ಅವರು ಕೇಳಿದ್ದಾರೆ, ಹಾಗಾಗಿ ಕೇಳುತ್ತಿದ್ದೇನೆ. ಆರು, ತಂದೆ ತಾಯಿಗೆ ಸಕ್ಕರೆ ಕಾಯಿಲೆ, ಬಿ.ಪಿ. ಇದೆಯೇ. ಉಳಿದವನ್ನು ಮುಂದಿನ ಸಲ ಬರೆಯುತ್ತೇನೆ.

ಇದು ಫಾರಂನಲ್ಲಿ ಇಲ್ಲದ ಪ್ರಶ್ನೆ: ನೀವು ನಿದ್ದೆಯಿಂದ ಎದ್ದ ಕೂಡಲೇ ಕಿಟಕಿಯ ಹತ್ತಿರ ಹೋಗಿ ಏನು ನೋಡುತ್ತೀರಿ?

ಉಮರ್


ದುಬೈ ಸಿಲಿಕಾನ್ ಓಯಸಿಸ್
ಸೋಮವಾರ, 13 ಜನವರಿ

ವಅಲೈಕುಂ ಸಲಾಂ.

ಬೆಳಗ್ಗೆ ಹತ್ತು ಗಂಟೆ. ಮಾರ್ಟಿನಾ ಕ್ಲಿನಿಕ್ಕಿಗೆ ಡ್ಯೂಟಿಗೆ ಹೋದರು, ಅವರ ಗಂಡ ಮೊರಿಸ್ ಹೋದರು. ಮನೆಯಲ್ಲಿ ನಾನು ಮತ್ತು ಫ್ರಿಜ್ಜಿನ ಸದ್ದು.

ಎರಡು: ನೂರ ಐವತ್ತಮೂರು. ಮಾರ್ಟಿನಾ ನನ್ನನ್ನು ಬಾಗಿಲಿಗೆ ಒರಗಿಸಿ ಟೇಪು ಹಿಡಿದರು. "ಹಿಮ್ಮಡಿ ಎತ್ತಬೇಡ ಮಾರಾಯ್ತಿ, ಇನ್ಶೂರೆನ್ಸಿನವರು ಮೋಸ ಅಂತಾರೆ" ಎಂದರು. ಮೂರು: ಅರವತ್ತೊಂದು. ಇಲ್ಲಿಗೆ ಬರುವಾಗ ಐವತ್ತೆಂಟು ಇದ್ದೆ, ಅದು ಇಲ್ಲಿನ ಕುಬ್ಬೂಸ್ ರೊಟ್ಟಿಯ ತಪ್ಪು. ನಾಲ್ಕು: ಇಲ್ಲ. ಐದು: ಇಲ್ಲ. ಹನ್ನೊಂದು ವರ್ಷದವಳಿದ್ದಾಗ ಅಣ್ಣ ಇಲ್ಯಾಸನ ಬೀಡಿಯನ್ನು ಒಮ್ಮೆ ಎಳೆದು ವಾಂತಿ ಮಾಡಿದ್ದೆ. ಅದನ್ನೂ ಬರೆಯಬೇಕೇ? ಆರು: ಉಮ್ಮನಿಗೆ ಸಕ್ಕರೆ ಉಂಟು. ಬಾಪನಿಗೆ ಏನೂ ಇರಲಿಲ್ಲ, ಅವರು ಡಾಕ್ಟರ ಹತ್ತಿರ ಹೋದದ್ದೇ ಇಲ್ಲ.

ಕಿಟಕಿಯಲ್ಲಿ ನಾನು ನೋಡುವುದು ಎದುರಿನ ಕಟ್ಟಡದ ಗಾಜು ಒರೆಸುವವರನ್ನು. ಹಗ್ಗದಲ್ಲಿ ಇಳಿಯುತ್ತಾರೆ. ನಿನ್ನೆ ಒಬ್ಬರು ಅಲ್ಲೇ ತೂಗಾಡುತ್ತಾ ಫೋನಿನಲ್ಲಿ ಮಾತಾಡುತ್ತಿದ್ದರು. ಅಷ್ಟು ಎತ್ತರದಿಂದ ಮನೆಗೆ ಏನು ಹೇಳುತ್ತಿರಬಹುದು? "ಊಟ ಆಯ್ತಾ" ಎಂದೇ ಇರಬೇಕು.

ನನ್ನದೂ ಒಂದು ಪ್ರಶ್ನೆ ಉಂಟು. ನಿಮ್ಮ ಮೊದಲ ಹೆಂಡತಿ ಸಬೀನರಿಗೆ ಏನಾಗಿತ್ತು? ಊರಿನಲ್ಲಿ ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ. ನಿಮ್ಮ ಬಾಯಿಯಿಂದ ಕೇಳಿಲ್ಲ. ಬೇಸರವಾಗುವುದಾದರೆ ಬೇಡ.

ಜುಬೈದ


ಮದೀನತ್ ಜಾಯೆದ್
ಶುಕ್ರವಾರ, 17 ಜನವರಿ

ಜುಬೈದರಿಗೆ ಸಲಾಂ.

ಸಂಜೆ ಆರು. ಈ ವಾರ ಸ್ಟೋರಿನಲ್ಲಿ ಸ್ಟಾಕ್ ಎಣಿಸುವ ಕೆಲಸ ಇತ್ತು. ಕೈಗವಸು ನಾನೂರು ಜೊತೆ ಎಂದು ಪುಸ್ತಕದಲ್ಲಿದೆ, ಎಣಿಸಿದರೆ ಎಡಗೈಯವು ಹನ್ನೆರಡು ಹೆಚ್ಚು. ಬಲಗೈಯವು ಎಲ್ಲಿಗೆ ಹೋದವೋ ಯಾರಿಗೂ ಗೊತ್ತಿಲ್ಲ.

ನಿಮ್ಮ ಉತ್ತರಗಳನ್ನು ಓದಿ ಒಬ್ಬನೇ ನಕ್ಕೆ. ಪಕ್ಕದ ಮಂಚದವರು ಏನೆಂದು ಕೇಳಿದರು. ಬೀಡಿಯ ವಿಷಯ ಬರೆಯುವುದು ಬೇಡ.

ಸಬೀನಳಿಗೆ ಕಾಯಿಲೆ ಇತ್ತು.

ಏಳು, ಎಂಟು ಮತ್ತು ಕೊನೆಯ ನಾಲ್ಕು ನನ್ನ ಕೆಲಸ, ಸಂಬಳದ್ದು, ನಾನೇ ತುಂಬುತ್ತೇನೆ. ಈಗ ಒಂಬತ್ತರಿಂದ ಹದಿನೆಂಟು. ಒಂಬತ್ತು, ಮೂತ್ರಪಿಂಡದ ತೊಂದರೆ. ಹತ್ತು, ಹೃದಯ. ಹನ್ನೊಂದು, ದಮ್ಮು. ಹನ್ನೆರಡು, ಆಪರೇಷನ್ ಆಗಿದೆಯೇ. ಹದಿಮೂರು, ಥೈರಾಯ್ಡ್. ಹದಿನಾಲ್ಕು, ಪ್ರಜ್ಞೆ ತಪ್ಪಿ ಬೀಳುವುದು, ಫಿಟ್ಸ್, ನರಕ್ಕೆ ಸಂಬಂಧಿಸಿದ್ದು. ಹದಿನೈದು, ಬೆನ್ನುನೋವು. ಹದಿನಾರು, ಈಗ ದಿನವೂ ಯಾವುದಾದರೂ ಮಾತ್ರೆ ಇದೆಯೇ. ಹದಿನೇಳನ್ನು ಕೇಳಲು ನನಗೆ ನಾಚಿಕೆಯಾಗುತ್ತದೆ, ಫಾರಂನಲ್ಲಿ ಇರುವುದರಿಂದ ಕೇಳುತ್ತೇನೆ: ಈಗ ಗರ್ಭಿಣಿಯೇ. ಹದಿನೆಂಟು, ಹಲ್ಲು.

ಯಾವುದನ್ನೂ ಬಿಡಬೇಡಿ. ನಿಜವನ್ನೇ ಬರೆಯಿರಿ. ಈ ಎರಡು ಸಾಲಿನ ಕೆಳಗೆ ಗೆರೆ ಎಳೆದಿದ್ದೇನೆ, ಮರೆಯಬಾರದೆಂದು.

ಉಮರ್


ಸಿಲಿಕಾನ್ ಓಯಸಿಸ್
ಸೋಮವಾರ, 20 ಜನವರಿ

ಸಲಾಂ.

ನೀವು ಗೆರೆಯನ್ನು ಎರಡು ಸಲ ಎಳೆದಿದ್ದೀರಿ. ಶಾಲೆಯಲ್ಲಿ ಮೇಷ್ಟ್ರು ತಪ್ಪು ಹುಡುಕುವಾಗ ಹಾಗೆ ಎಳೆಯುತ್ತಿದ್ದರು.

ಒಂಬತ್ತು ಇಲ್ಲ. ಹತ್ತು ಇಲ್ಲ. ಹನ್ನೊಂದು ಇಲ್ಲ. ಹನ್ನೆರಡು, ಕಾಲಿಗೆ ಮುಳ್ಳು ಹೊಕ್ಕು ಸೀಳಿದ್ದು ಆಪರೇಷನ್ ಆಗುತ್ತದೆಯೇ? ಹದಿಮೂರು ಇಲ್ಲ. ಹದಿನೈದು, ಈ ಮಂಚದಲ್ಲಿ ಮಲಗಿದವರಿಗೆ ಯಾರಿಗಾದರೂ ಬಂದೀತು. ಹದಿನೇಳು ಇಲ್ಲ. ಹದಿನೆಂಟು, ಒಂದು ದವಡೆ ಹಲ್ಲು ಕೀಳಿಸಿದ್ದೇನೆ.

ಮಾರ್ಟಿನಾ ಕೇಳಿದರು: "ಎಂತ ಬರೀತೀ ದಿನಾ? ನಾನು ಮೊರಿಸ್‌ಗೆ ಇಪ್ಪತ್ತು ವರ್ಷದಲ್ಲಿ ಬರೆದದ್ದು ಬರೀ ಸಾಮಾನು ಚೀಟಿ." ನಾನು ನಕ್ಕು ಪುಸ್ತಕ ಮುಚ್ಚಿದೆ.

ಇಲ್ಲಿ ಬೆಳಗ್ಗೆ ಮಂಜು. ಎದುರಿನ ಕಟ್ಟಡ ಕಾಣಿಸುವುದಿಲ್ಲ.

ಜುಬೈದ


ಮದೀನತ್ ಜಾಯೆದ್
ಶುಕ್ರವಾರ, 24 ಜನವರಿ

ಜುಬೈದರಿಗೆ ಸಲಾಂ.

ಸಂಜೆ ಐದೂವರೆ. ಮಂಜಿನಿಂದಾಗಿ ಈ ವಾರ ರಶೀದ ಮೂರು ಗಂಟೆ ತಡವಾಗಿ ಬಂದ. ಕೊತ್ತಂಬರಿ ಸೊಪ್ಪು ಬಾಡಿತ್ತು. ಕ್ಯಾಂಪಿನ ಅಡುಗೆಯವನು ಅವನಿಗೆ ಬೈದ, ಅವನು ಮಂಜಿಗೆ ಬೈದ.

ನಿಮ್ಮ ಉತ್ತರದಲ್ಲಿ ಹದಿನಾಲ್ಕು ಮತ್ತು ಹದಿನಾರು ಇಲ್ಲ. ಎರಡು ಸಲ ಓದಿದೆ. ನೀವು ಮರೆಯುವವರಲ್ಲ. ಹದಿನೇಳನ್ನು ಕೇಳಿದ್ದು ನಿಮಗೆ ಬೇಸರ ತಂದಿರಬೇಕು, ಆ ಬೇಸರದಲ್ಲಿ ಹತ್ತಿರದ ಪ್ರಶ್ನೆಗಳನ್ನು ಬಿಟ್ಟಿರಿ ಎಂದುಕೊಂಡಿದ್ದೇನೆ. ಪುಸ್ತಕದಲ್ಲಿ ಬರೆದು ಕೇಳುವ ಪ್ರಶ್ನೆಯಲ್ಲ ಅದು. ತಪ್ಪಾಯಿತು.

ಆ ಎರಡಕ್ಕೆ ಬರೆದು ಕಳಿಸಿ. ಶರ್ವಿನ್ ಕೇಳುತ್ತಿದ್ದಾನೆ. ಇನ್ನು ಇಪ್ಪತ್ತನಾಲ್ಕು ದಿನ ಇದೆ.

ಉಮರ್


ಸಿಲಿಕಾನ್ ಓಯಸಿಸ್
ಸೋಮವಾರ, 27 ಜನವರಿ

ಸಲಾಂ.

ಹದಿನೇಳರಿಂದ ನನಗೆ ಬೇಸರವಾಗಿಲ್ಲ.

ಎಲ್ಲಕ್ಕೂ ನೋ ಹಾಕಿ ಕಳಿಸಿ. ಎಲ್ಲರೂ ಹಾಗೇ ಮಾಡುತ್ತಾರಂತೆ. ಅರ್ಜಿ ತುಂಬಿಕೊಡುವ ಟೈಪಿಂಗ್ ಸೆಂಟರಿನವರು ಕೇಳುವುದೂ ಇಲ್ಲವಂತೆ, ಮೇಲಿನಿಂದ ಕೆಳಗಿನ ತನಕ ನೋ ಒತ್ತುತ್ತಾರಂತೆ. ನಿಮಗೆ ಮಾತ್ರ ಇಷ್ಟು ಪ್ರಶ್ನೆ.

ನೀವೂ ಒಂದು ಪ್ರಶ್ನೆಯನ್ನು ಬಿಟ್ಟಿದ್ದೀರಿ. ನಾನು ಕೇಳಿದ್ದು ಒಂದೇ. ಅದಕ್ಕೆ ನೀವು ಮೂರು ಪದ ಬರೆದಿರಿ.

ಜುಬೈದ


ಮದೀನತ್ ಜಾಯೆದ್
ಬುಧವಾರ, 29 ಜನವರಿ

ಜುಬೈದರಿಗೆ ಸಲಾಂ.

ಸಂಜೆ ಏಳು. ಶುಕ್ರವಾರದ ತನಕ ಕಾಯಲು ಆಗಲಿಲ್ಲ. ಪುಸ್ತಕದಲ್ಲಿ ನಿಮ್ಮ ಕಾಗದದ ಮೊದಲು ಒಂದು ಹಾಳೆ ಹರಿದಿದೆ, ಹೊಲಿಗೆಯ ಹತ್ತಿರ ಅಂಚು ಉಳಿದಿದೆ. ಅದರಲ್ಲಿ ಏನು ಬರೆದಿದ್ದಿರೋ ಗೊತ್ತಿಲ್ಲ. ನೀವು ಹೇಳಿದ್ದು ಸರಿ, ಒಂದು ಪ್ರಶ್ನೆಯನ್ನು ನಾನೂ ಬಿಟ್ಟಿದ್ದೇನೆ. ದಿನಚರಿಯಲ್ಲಿಯೂ ಇದನ್ನು ಬರೆದಿಲ್ಲ.

ಆಗ ನಾನು ಅಬುಧಾಬಿಯ ಬನಿಯಾಸಿನಲ್ಲಿ ಕೆಲಸ ಮಾಡುತ್ತಿದ್ದೆ. ಸಬೀನಳನ್ನು ಕರೆಸಿಕೊಂಡೆ. ಮದುವೆಗೆ ಮೊದಲೇ ಅವಳಿಗೆ ಮೂತ್ರಪಿಂಡದ ತೊಂದರೆ ಇತ್ತು, ನನಗೆ ಗೊತ್ತಿತ್ತು. ಇನ್ಶೂರೆನ್ಸ್ ಮಾಡಿಸಲು ಇಬ್ಬರೂ ಟೈಪಿಂಗ್ ಸೆಂಟರಿಗೆ ಹೋದೆವು. ಉದ್ದದ ಸಾಲು ಇತ್ತು. ನಮ್ಮ ಸರದಿ ಬಂದಾಗ ಟೈಪ್ ಮಾಡುವವನು ತಲೆ ಎತ್ತದೆ "ಸಬ್ ನೋ, ನಾ ಭಾಯ್?" ಎಂದ. ನಾನು ಹೂಂ ಎಂದೆ. ಸಬೀನ ಮೆಲ್ಲಗೆ "ಊರಿನ ಡಾಕ್ಟರ ಚೀಟಿ ತಂದಿದ್ದೇನೆ, ತೋರಿಸುವುದು ಬೇಡ್ವಾ?" ಎಂದು ಕೇಳಿದಳು. ನಾನು "ಸುಮ್ಮನಿರು, ಅವರು ಕೇಳ್ಲಿಲ್ಲ, ಖಲಾಸ್" ಎಂದೆ. ಅವಳು ಚೀಟಿಯನ್ನು ಮಡಚಿ ಬ್ಯಾಗಿಗೆ ಹಾಕಿಕೊಂಡಳು. ಎಸ್ ಎಂದು ಬರೆದರೆ ಹೆಚ್ಚು ಕಟ್ಟಬೇಕಾಗುತ್ತದೆ ಎಂದು ಕೋಣೆಯವರು ಹೇಳಿದ್ದರು. ನಾನು ಅದನ್ನು ನಂಬಿದ್ದೆ.

ಒಂದು ವರ್ಷ ಕಳೆದ ಮೇಲೆ ಅವಳ ಕಾಲು ಊದಿತು. ಆಸ್ಪತ್ರೆಯಲ್ಲಿ ಡಾಕ್ಟರು ಹಳೆಯದು ಇದೆಯೇ ಎಂದು ಕೇಳಿದಾಗ ಅವಳು ನಿಜ ಹೇಳಿದಳು. ಇನ್ಶೂರೆನ್ಸಿನವರು ಫಾರಂ ತೆಗೆದು ನೋಡಿ, ಬರೆದಿಲ್ಲ, ಕೊಡುವುದಿಲ್ಲ ಎಂದರು. ಅದರ ನಂತರ ಅವಳು ನೋವು ಎಂದು ಹೇಳುವುದನ್ನೇ ನಿಲ್ಲಿಸಿದಳು. "ಇವತ್ತು ಹೇಗಿದೆ" ಎಂದರೆ "ಕಡಿಮೆ ಉಂಟು" ಎನ್ನುತ್ತಿದ್ದಳು. ನಾನು ಅದನ್ನೂ ನಂಬಿದೆ. ಕೊನೆಗೆ ಊರಿಗೆ ಕಳಿಸಿದೆ. 2022ರ ಅಕ್ಟೋಬರಿನಲ್ಲಿ ಮಂಗಳೂರಿನ ಆಸ್ಪತ್ರೆಯಲ್ಲಿ ತೀರಿಕೊಂಡಳು. ಮೊದಲೇ ಬರೆದಿದ್ದರೆ ಬದುಕುತ್ತಿದ್ದಳೋ ಇಲ್ಲವೋ, ಯಾವ ಡಾಕ್ಟರೂ ನನಗೆ ಹೇಳಿಲ್ಲ. ನಾನೂ ಕೇಳಿಲ್ಲ.

ನನಗೆ ಮಾತ್ರ ಯಾಕೆ ಇಷ್ಟು ಪ್ರಶ್ನೆ ಎಂದು ಕೇಳಿದ್ದೀರಿ. ಇದೇ ಕಾರಣ.

ಉಮರ್


ಮದೀನತ್ ಜಾಯೆದ್
ಬುಧವಾರ, 5 ಫೆಬ್ರವರಿ

ಜುಬೈದರಿಗೆ ಸಲಾಂ.

ಸಂಜೆ ಆರೂವರೆ. ಇದನ್ನು ಬಿಡಿ ಹಾಳೆಯಲ್ಲಿ ಬರೆಯುತ್ತಿದ್ದೇನೆ. ನಿನ್ನೆ ರಶೀದ ಗಾಡಿಯಿಂದ ಇಳಿದವನೇ ಕೈ ಆಡಿಸಿ "ಇವತ್ತು ಟೊಮೇಟೊ ಮಾತ್ರ ಉಮರಾಕ. ಪುಸ್ತಕ ಮಾಫಿ, ಇಲ್ಲ" ಎಂದ. ನೀವು ಬಾಗಿಲಲ್ಲೇ ನಿಂತು "ಬರೆದಿಲ್ಲ" ಎಂದಿರಂತೆ. ಮುಖ ಹೇಗಿತ್ತು ಎಂದು ಕೇಳಿದೆ. "ನಾನು ಬದನೆ ನೋಡಿ ಒಳ್ಳೆದಾ ಹಾಳಾ ಹೇಳಿಯೇನು, ಹೆಂಗಸರ ಮುಖ ನೋಡಿ ಹೇಳಲಿಕ್ಕೆ ನನಗೆ ಬರುವುದಿಲ್ಲ" ಎಂದ.

ಶರ್ವಿನ್ ಎರಡು ಸಲ ಫೋನ್ ಮಾಡಿದ. ಉತ್ತರ ಬಂದಿಲ್ಲ ಎಂದು ಹೇಳಿದೆ.

ನಾನು ಬರೆದದ್ದನ್ನು ಓದಿ ನಿಮಗೆ ನನ್ನ ಮೇಲೆ ಭರವಸೆ ಹೋಗಿದ್ದರೆ ಅದು ನ್ಯಾಯವೇ. ಊರಿಗೆ ಹೋಗಬೇಕು ಎಂದಿದ್ದರೆ ಹೇಳಿ. ಟಿಕೆಟ್ ಮಾಡಿಸುತ್ತೇನೆ. ಯಾಕೆ ಎಂದು ಕೇಳುವುದಿಲ್ಲ, ಇಲ್ಯಾಸ್ ಅವರಿಗೂ ನಾನೇ ಹೇಳುತ್ತೇನೆ.

ಉಮರ್


ಸಿಲಿಕಾನ್ ಓಯಸಿಸ್
ಭಾನುವಾರ, 9 ಫೆಬ್ರವರಿ

ಸಲಾಂ.

ಮಧ್ಯಾಹ್ನ ಎರಡು ಗಂಟೆ. ನಿಮ್ಮ ಹಾಳೆಯಲ್ಲಿ ಟಿಕೆಟ್ ಎಂಬ ಮಾತು ಕಂಡಾಗ ನಿಮಗೆ ಎಲ್ಲ ಗೊತ್ತಾಗಿದೆ ಎಂದುಕೊಂಡೆ. ಬ್ಯಾಗು ಕೂಡ ಕೆಳಗಿಳಿಸಿದೆ. ಆಮೇಲೆ ಇನ್ನೊಮ್ಮೆ ಓದಿದೆ. ನಾನು ನಿಮಗೆ ಹೆದರಿಕೊಂಡು ಕುಳಿತಿದ್ದೇನೆ, ನೀವು ಅಲ್ಲಿ ನನಗೆ ಹೆದರಿಕೊಂಡು ಕುಳಿತಿದ್ದೀರಿ.

ಹದಿನಾಲ್ಕು: ಹೌದು. ಹದಿನಾರು: ಹೌದು.

ಹದಿಮೂರನೆಯ ವಯಸ್ಸಿನಲ್ಲಿ ಜ್ವರ ಬಂದು ಹೋದ ಮೇಲೆ ಶುರುವಾಯಿತು. ಫಿಟ್ಸ್. ಮೊದಲು ತಿಂಗಳಿಗೊಮ್ಮೆ ಬರುತ್ತಿತ್ತು, ಮಾತ್ರೆಯ ನಂತರ ಕಡಿಮೆಯಾಯಿತು. ಕೊನೆಯದು ಬಂದದ್ದು ನಾಲ್ಕು ವರ್ಷದ ಹಿಂದೆ, ತಂಗಿಯ ಮದರಂಗಿಯ ದಿನ, ನೆಂಟರ ಮಧ್ಯದಲ್ಲಿ. ಅದನ್ನು ನೋಡಿದವರು ಆಡಿಕೊಂಡ ಕಾರಣಕ್ಕೇ ಮೂವತ್ತಮೂರರ ತನಕ ನನಗೆ ಗಂಡು ಸಿಕ್ಕಿರಲಿಲ್ಲ. ನಿಮ್ಮ ಸಂಬಂಧ ಬಂದಾಗ ಅಣ್ಣ ಹೇಳಿದ: "ಅವರು ಗಲ್ಫಿನಲ್ಲಿ ಇರುವವರು, ಅವರಿಗೆ ಯಾರೂ ಹೇಳಲಿಲ್ಲ. ನೀನೂ ಹೇಳಬೇಡ. ಗೊತ್ತಾದರೆ ಟಿಕೆಟ್ ತೆಗೆದು ಕಳಿಸುತ್ತಾರೆ." ನಾನು ಒಪ್ಪಿದೆ. ಅಣ್ಣನ ಮೇಲೆ ತಪ್ಪು ಹಾಕುವುದಿಲ್ಲ.

ಮಾತ್ರೆಗಳು ಸೂಜಿನೂಲಿನ ಡಬ್ಬಿಯಲ್ಲಿವೆ. ಎರಡು ತಿಂಗಳದ್ದು ತಂದಿದ್ದೆ. ದಿನಕ್ಕೆ ಎರಡು ನುಂಗಬೇಕು. ಹದಿಮೂರು ದಿನದಿಂದ ಒಂದೇ ನುಂಗುತ್ತಿದ್ದೇನೆ, ಹೆಚ್ಚು ದಿನ ಬರಲಿ ಎಂದು. ಇಲ್ಲಿ ಚೀಟಿ ಇಲ್ಲದೆ ಕೊಡುವುದಿಲ್ಲ ಎಂದು ಮಾರ್ಟಿನಾ ಬೇರೆ ಯಾರದೋ ವಿಷಯಕ್ಕೆ ಹೇಳುವುದನ್ನು ಕೇಳಿಸಿಕೊಂಡಿದ್ದೆ. ಇನ್ನು ಇಪ್ಪತ್ತೇಳು ಉಳಿದಿವೆ.

ಹರಿದ ಹಾಳೆಯಲ್ಲಿ ಇದನ್ನೇ ಬರೆದಿದ್ದೆ. ಸಬೀನರ ವಿಷಯ ಓದಿದ ಮೇಲೆ ಹೇಳುವುದು ಇನ್ನೂ ಕಷ್ಟವಾಯಿತು. ಒಂದು ಕಾಯಿಲೆಯನ್ನು ನೋಡಿ ಸೋತವರ ಮನೆಗೆ ಇನ್ನೊಂದನ್ನು ಬಚ್ಚಿಟ್ಟು ತಂದಿದ್ದೇನೆ.

ನಿನ್ನೆ ಮಾರ್ಟಿನಾರಿಗೆ ಹೇಳಿದೆ. ಅವರು ಮೀನು ಹೆಚ್ಚುವುದನ್ನು ನಿಲ್ಲಿಸಿ "ಅಷ್ಟೇಯಾ? ನಾನು ನಿಂಗೆ ಊರಲ್ಲಿ ಬೇರೆ ಯಾರೋ ಇದ್ದಾರೆ ಅಂತ ಎಣಿಸಿದ್ದೆ" ಎಂದರು. ಆಮೇಲೆ ಒಂದೇ ಮಾತ್ರೆ ಎಂದು ಕೇಳಿ ತುಂಬಾ ಬೈದರು.

ಈಗ ನಿಮಗೆ ಬೇಕಾದಂತೆ ಮಾಡಿ. ನಿಮ್ಮ ಮೇಲೆ ಭರವಸೆ ಹೋಗಿಲ್ಲ. ಸಬೀನರ ಆ ಚೀಟಿಯ ಸಂಗತಿಯನ್ನು ನೀವು ಬರೆಯದಿದ್ದರೆ ಹದಿನಾಲ್ಕಕ್ಕೆ ನಾನು ಹೌದು ಎನ್ನುತ್ತಿರಲಿಲ್ಲ.

ಫಿಟ್ಸ್ ಬರುವ ಮೊದಲು ನನಗೆ ತೆಂಗಿನೆಣ್ಣೆ ಸುಟ್ಟ ವಾಸನೆ ಬರುತ್ತದೆ. ಬೇರೆ ಯಾರಿಗೂ ಬರುವುದಿಲ್ಲ. ಇದನ್ನು ಡಾಕ್ಟರಿಗೆ ಬಿಟ್ಟು ಯಾರಿಗೂ ಹೇಳಿಲ್ಲ.

ಜುಬೈದ


ಮದೀನತ್ ಜಾಯೆದ್
ಶುಕ್ರವಾರ, 14 ಫೆಬ್ರವರಿ

ಜುಬೈದಳಿಗೆ ಸಲಾಂ.

ಸಂಜೆ ಆರೂಕಾಲು. ನಿನ್ನೆ ಮಧ್ಯಾಹ್ನದ ತನಕ ಸ್ಟೋರು, ಆಮೇಲೆ ಮ್ಯಾನೇಜರನ ಆಫೀಸು. ಮೂರು ದಿನ ರಜೆ ಸಿಕ್ಕಿತು. ಯಾಕೆ ಎಂದು ಕೇಳಿದರು, ಹೆಂಡತಿಯನ್ನು ಡಾಕ್ಟರಿಗೆ ತೋರಿಸಬೇಕು ಎಂದೆ.

ಮಂಗಳವಾರ ರಶೀದನ ಗಾಡಿಯ ಹತ್ತಿರವೇ ನಿಂತು ಪುಸ್ತಕ ಓದಿದೆ. ಕೋಣೆಗೆ ಬಂದ ಕೂಡಲೇ ನಿನಗೆ ಫೋನ್ ಮಾಡಿದೆ. "ಎರಡೂ ನುಂಗು" ಎಂದೆ. "ಈಗಲಾ?" ಎಂದೆ ನೀನು. "ಈಗಲೇ." ನೀರು ಕುಡಿದದ್ದು, ಲೋಟ ಇಟ್ಟದ್ದು ಕೇಳಿಸಿತು. ಅದರ ನಂತರ ಇಬ್ಬರಿಗೂ ಮಾತು ಸಿಗಲಿಲ್ಲ, ಆದರೆ ಹನ್ನೊಂದು ನಿಮಿಷ ಯಾರೂ ಫೋನ್ ಇಡಲಿಲ್ಲ. ಕೋಣೆಯಲ್ಲಿ ಟಿ.ವಿ.ಯ ಸದ್ದು ಕಡಿಮೆ ಮಾಡಿ ಒಬ್ಬರು ಕೇಳಿದರು: "ಎಂತ ಉಮರಾಕ, ಮನೆಯವರಿಗೆ ಹುಷಾರಿಲ್ವಾ?" ನಾನು ಹೇಳಿದೆ: "ಹುಷಾರುಂಟು. ಫಿಟ್ಸಿನ ತೊಂದರೆ ಉಂಟು, ಮಾತ್ರೆ ತಗೊಳ್ತಾಳೆ." ಅವರು ಹೌದಾ ಎಂದು ಟಿ.ವಿ. ಜೋರು ಮಾಡಿದರು. ಇಷ್ಟೇ ಆಗಿತ್ತು ಹೇಳಬೇಕಾದದ್ದು. ಇದನ್ನು ಬನಿಯಾಸಿನಲ್ಲಿ ಕಲಿಯಬೇಕಿತ್ತು.

ಫಾರಂ ನಾನೇ ತುಂಬಿದೆ. ಹದಿನಾಲ್ಕಕ್ಕೆ ಹೌದು ಎಂದು ಗುರುತು ಹಾಕಿದೆ. ಸಬೀನಳದ್ದಾಗಿದ್ದರೆ ಅದು ಒಂಬತ್ತನೆಯ ಪ್ರಶ್ನೆ, ಮೂತ್ರಪಿಂಡ. ಸ್ವಲ್ಪ ಹೊತ್ತು ಒಂಬತ್ತನ್ನೇ ನೋಡುತ್ತಾ ಕುಳಿತೆ, ಆಮೇಲೆ ಅದಕ್ಕೆ ನಿನ್ನ ಉತ್ತರ ಬರೆದೆ, ಇಲ್ಲ ಎಂದು.

ಶರ್ವಿನ್ ಮೊದಲು ಫೋನಿನಲ್ಲಿ ರಾಗ ಎಳೆದ. "ಉಮರಾಕ, ನೋ ಹಾಕಿದ್ರೆ ಇವತ್ತೇ ಆಗ್ತಿತ್ತು. ಈಗ ನಾನು ನಾಲ್ಕು ಬಾಗಿಲು ತಟ್ಟಬೇಕು." "ತಟ್ಟು ಮಾರಾಯ, ನಾನು ಒಂದೂ ತಟ್ಟದೆ ಒಮ್ಮೆ ನೋಡಿದ್ದೇನೆ" ಎಂದೆ. ಅವನಿಗೆ ಅರ್ಥವಾಗಲಿಲ್ಲ, ಆದರೆ ತಟ್ಟಿದ. ಒಂದು ಕಂಪನಿ ಆಗುವುದಿಲ್ಲ ಎಂದಿತು. ಇನ್ನೊಂದು ಕೇಳಿದ ದರ ನನ್ನ ಕೈಯಲ್ಲಿ ಆಗುವಂಥದ್ದಲ್ಲ. ಮೂರನೆಯದು ನಿನ್ನೆ ಸಂಜೆ ಒಪ್ಪಿತು. ಮೊದಲು ನೋಡಿದ್ದಕ್ಕಿಂತ ದರ ಸ್ವಲ್ಪ ಹೆಚ್ಚು, ಕಂತಿನಲ್ಲಿ ಕಟ್ಟಬಹುದು, ಆಗುತ್ತದೆ. ಮೊದಲ ಆರು ತಿಂಗಳು ಈ ಕಾಯಿಲೆಯ ಮಾತ್ರೆಗೆ ಕೊಡುವುದಿಲ್ಲ, ಆಮೇಲೆ ಕೊಡುತ್ತಾರೆ. ಬರೆದು ಸಹಿ ಹಾಕಿದ್ದಾರೆ, ನಾನು ಎರಡು ಸಲ ಓದಿಸಿದೆ. ಆರು ತಿಂಗಳದ್ದನ್ನು ಚೀಟಿ ಹಿಡಿದು ನಾವೇ ಕೊಳ್ಳಬೇಕು. ಕೊಳ್ಳೋಣ. ಇನ್ನು ಅವರಿಗೆ ಬೇಕಾದದ್ದು ಇಲ್ಲಿನ ಡಾಕ್ಟರರ ಒಂದು ವರದಿ ಮಾತ್ರ. ಅದು ಭಾನುವಾರದೊಳಗೆ ಅವರ ಕೈಗೆ ಹೋದರೆ ಸೋಮವಾರದೊಳಗೆ ನಿನ್ನ ವೀಸಾದ ಕೆಲಸ ಮುಗಿಯುತ್ತದೆ. ಮಾರ್ಟಿನಾ ತಮ್ಮ ಕ್ಲಿನಿಕ್ಕಿನಲ್ಲಿ ನರದ ಡಾಕ್ಟರರ ಹತ್ತಿರ ಹೆಸರು ಬರೆಸಿದ್ದಾರೆ. ನಿನ್ನ ಅಣ್ಣನಿಗೂ ಫೋನ್ ಮಾಡಿದೆ, ಊರಿನ ಡಾಕ್ಟರರ ಹಳೆಯ ಚೀಟಿಗಳ ಫೋಟೋ ಕಳಿಸಲು. ಅವನು ಹದಿನೇಳು ಫೋಟೋ ಕಳಿಸಿದ.

ನನಗೆ ಕೇಳಲಿಕ್ಕೆ ಬಹಳ ಇದೆ, ಯಾವುದೂ ಫಾರಂನಲ್ಲಿಲ್ಲ. ತೆಂಗಿನೆಣ್ಣೆಯ ವಾಸನೆ ಎಷ್ಟು ಹೊತ್ತು ಮೊದಲು ಬರುತ್ತದೆ? ಆಗ ನಿನಗೆ ಮಾತಾಡಲು ಆಗುತ್ತದೆಯೇ? ಹತ್ತಿರ ಇದ್ದವರು ಏನು ಮಾಡಬೇಕು, ಏನು ಮಾಡಬಾರದು? ಎಚ್ಚರವಾದ ಮೇಲೆ ಮೊದಲು ಯಾರ ಧ್ವನಿ ಕೇಳಿದರೆ ನಿನಗೆ ಒಳ್ಳೆಯದು? ಎದುರಿಗೆ ಕುಳಿತು ಕೇಳಿದರೆ ಇವುಗಳಲ್ಲಿ ಅರ್ಧವೂ ನನ್ನ ಬಾಯಿಯಿಂದ ಬರುವುದಿಲ್ಲ ಎಂದು ಇಲ್ಲೇ ಬರೆದಿದ್ದೇನೆ. ನೀನು ಓದಿಕೊಂಡು ಹೇಳು, ನಾನು ಕೇಳುತ್ತೇನೆ.

ಈ ಸಲ ಪುಸ್ತಕ ರಶೀದನ ಕೈಯಲ್ಲಿ ಬರುವುದಿಲ್ಲ, ನಾನೇ ತರುತ್ತೇನೆ. ಅಬುಧಾಬಿಗೆ ಮೊದಲ ಬಸ್ಸು ನಾಳೆ ಬೆಳಗ್ಗೆ ಐದೂವರೆಗೆ, ಅಲ್ಲಿಂದ ದುಬೈಗೆ ಇನ್ನೊಂದು. ಡಾಕ್ಟರು ನಾಳೆ ಸಂಜೆ ನಾಲ್ಕು ಗಂಟೆಗೆ ನೋಡುತ್ತಾರೆ.

ಉಮರ್